ಬಟ್ಟಲಲ್ಲಿ ಬೆಳೆದ ಅಕ್ಷಿಪಟ: ಒಂದು ಪ್ರಶ್ನೆಯ ಚರಿತ್ರೆ

ಕಣ್ಣಿನ ಒಳಗೋಡೆಯ ಹಿಂಭಾಗಕ್ಕೆ ಅಂಟಿಕೊಂಡಿರುವ ತೆಳ್ಳನೆಯ ಪರದೆಯೇ ಅಕ್ಷಿಪಟ. ಕಣ್ಣಾಸ್ಪತ್ರೆಯ ಮೆಟ್ಟಿಲು ಹತ್ತಿದವರಿಗೆ ಅದು ರೆಟಿನಾ ಎಂದೇ ಹೆಚ್ಚು ಪರಿಚಿತ. ದಪ್ಪದಲ್ಲಿ ಅರ್ಧ ಮಿಲಿಮೀಟರ್ ಕೂಡ ಇಲ್ಲದ ಈ ಪರದೆಯಲ್ಲಿ ಬೆಳಕನ್ನು ಹಿಡಿಯುವ ಕೋಶಗಳು ಮುಖ್ಯವಾಗಿ ಎರಡು ಬಗೆ. ಮಬ್ಬು ಬೆಳಕಿನಲ್ಲಿ ಕೆಲಸ ಮಾಡುವ ದಂಡಕೋಶಗಳು ಒಂದೊಂದು ಕಣ್ಣಿನಲ್ಲೂ ಸುಮಾರು 9 ಕೋಟಿ ಇವೆ. ಹಗಲಿನ ನೋಟಕ್ಕೂ ಬಣ್ಣಕ್ಕೂ ಆಧಾರವಾದ ಶಂಕುಕೋಶಗಳು ಸುಮಾರು 46 ಲಕ್ಷ. ಶಂಕುಕೋಶಗಳಲ್ಲಿ ಮತ್ತೆ ಮೂರು ಪಂಗಡ: ನೀಲಿಗೆ ಸ್ಪಂದಿಸುವವು, ಹಸಿರಿಗೆ ಸ್ಪಂದಿಸುವವು, ಕೆಂಪಿಗೆ ಸ್ಪಂದಿಸುವವು. ಇವೆಲ್ಲವೂ ಒಂದೇ ತರಹದ ಮೂಲಕೋಶಗಳಿಂದ ಹುಟ್ಟಿದವು. ಯಾವುದು ದಂಡವಾಗಬೇಕು, ಯಾವುದು ಶಂಕುವಾಗಬೇಕು, ಶಂಕುವಾದರೆ ಯಾವ ಬಣ್ಣಕ್ಕೆ ಎಂಬ ತೀರ್ಮಾನ ಬಹುಪಾಲು ತಾಯಿಯ ಗರ್ಭದಲ್ಲೇ ಆಗಿಬಿಡುತ್ತದೆ. ಆ ತೀರ್ಮಾನ ಹೇಗಾಗುತ್ತದೆ ಎಂಬ ಪ್ರಶ್ನೆಗೆ ಮನುಷ್ಯನ ಮಟ್ಟಿಗೆ ನೂರು ವರ್ಷಕ್ಕೂ ಹೆಚ್ಚು ಕಾಲ ವಿಜ್ಞಾನದ ಬಳಿ ಊಹೆಗಳಿದ್ದವು, ನೇರ ಪುರಾವೆ ಇರಲಿಲ್ಲ. ಆಕರಕೋಶಗಳಿಂದ ಅಕ್ಷಿಪಟವನ್ನೇ ಪ್ರಯೋಗಶಾಲೆಯಲ್ಲಿ ಬೆಳೆಸುವ ವಿದ್ಯೆ ಕೈಗೂಡಿದ ಮೇಲೆ ಈ ಸ್ಥಿತಿ ಬದಲಾಯಿತು. ಈ ಸುದ್ದಿ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಕುರುಡುತನಕ್ಕೆ ಮದ್ದು ಬಂತು ಎಂಬ ಧಾಟಿಯಲ್ಲಿ ಬರುತ್ತದೆ. ನನ್ನ ವಾದ ಬೇರೆ. ಮದ್ದು ಬೇಗ ಬರಲಿ, ತಡವಾಗಿ ಬರಲಿ, ಈ ಚರಿತ್ರೆಯ ದೊಡ್ಡ ಗಳಿಕೆ ಬೇರೆಯೇ ಇದೆ: ಮನುಷ್ಯನ ಅಂಗವೊಂದು ರೂಪುಗೊಳ್ಳುವುದನ್ನು ದೂರದಿಂದ ನೋಡಿ ಊಹಿಸುತ್ತಿದ್ದವರಿಗೆ ಅದನ್ನು ಪ್ರಯೋಗಕ್ಕೊಡ್ಡಿ ಉತ್ತರ ಪಡೆಯುವ ಶಕ್ತಿ ಸಿಕ್ಕಿತು.

ಮೊದಲು ನೋಡುವ ಕಾಲವನ್ನೇ ಗಮನಿಸೋಣ. 1890ರ ದಶಕದ ಆರಂಭದಲ್ಲಿ ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್ ಬೆಳ್ಳಿಯ ಲವಣದಿಂದ ನರಕೋಶಗಳಿಗೆ ಬಣ್ಣ ಕಟ್ಟಿ, ಕಶೇರುಕಗಳ ಅಕ್ಷಿಪಟದ ಪದರಗಳನ್ನು ಒಂದೊಂದಾಗಿ ಚಿತ್ರಿಸಿದರು. ಬೆಳಕನ್ನು ಹಿಡಿಯುವ ಕೋಶ, ಅದರಿಂದ ಸುದ್ದಿ ಪಡೆಯುವ ಕೋಶ, ಅಲ್ಲಿಂದ ಮಿದುಳಿಗೆ ತಂತು ಚಾಚುವ ಕೋಶ ಎಂಬ ಸರಪಳಿ ಅವರ ಚಿತ್ರಗಳಲ್ಲಿ ಸ್ಪಷ್ಟವಾಗಿತ್ತು. 1906ರಲ್ಲಿ ಅವರಿಗೆ ನೊಬೆಲ್ ಬಂತು. ಆ ಚಿತ್ರಗಳನ್ನು ಇಂದಿಗೂ ವಿದ್ಯಾರ್ಥಿಗಳು ನೋಡುತ್ತಾರೆ. ಆದರೆ ಅವು ಸತ್ತ ಅಂಗಾಂಶದ ಚಿತ್ರಗಳು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅನಿತಾ ಹೆಂಡ್ರಿಕ್ಸನ್ ಅದಕ್ಕಿಂತ ಕಷ್ಟದ ಕೆಲಸಕ್ಕೆ ಕೈಹಾಕಿದರು. ದಾನವಾಗಿ ಸಿಕ್ಕ ಮಾನವ ಭ್ರೂಣದ ಅಂಗಾಂಶವನ್ನು ವಾರವಾರದ ಲೆಕ್ಕದಲ್ಲಿ ಜೋಡಿಸಿ, ಯಾವ ಬಣ್ಣದ ಶಂಕುಕೋಶ ಯಾವಾಗ ಕಾಣಿಸಿಕೊಳ್ಳುತ್ತದೆ ಎಂದು ಗುರುತಿಸಿದರು. ನೀಲಿಯ ಶಂಕುಗಳು ಮೊದಲು ಬರುತ್ತವೆ, ಕೆಂಪು ಮತ್ತು ಹಸಿರಿನವು ಕೆಲವು ವಾರ ತಡವಾಗಿ ಬರುತ್ತವೆ ಎಂಬ ಕ್ರಮ ಹೀಗೆ ತಿಳಿಯಿತು. ಇದು ಗಟ್ಟಿಯಾದ ತಿಳಿವಳಿಕೆ. ಆದರೂ ಕ್ರಮ ಗೊತ್ತಾದ ಮಾತ್ರಕ್ಕೆ ಕಾರಣ ಗೊತ್ತಾದಂತಾಗುವುದಿಲ್ಲ. ಕಾರಣ ತಿಳಿಯಬೇಕಾದರೆ ಒಂದು ಅಂಶವನ್ನು ತೆಗೆದು ನೋಡಬೇಕು, ಇಲ್ಲವೇ ಹೆಚ್ಚಿಸಿ ನೋಡಬೇಕು. ಗರ್ಭದಲ್ಲಿರುವ ಮಗುವಿನ ಮೇಲೆ ಅದನ್ನು ಮಾಡುವುದು ಸಾಧ್ಯವೂ ಅಲ್ಲ, ಸಲ್ಲದು ಕೂಡ. ಹಾಗಾಗಿ ಮನುಷ್ಯನ ಅಕ್ಷಿಪಟದ ಬೆಳವಣಿಗೆ ವರ್ಣನೆಯ ಹಂತದಲ್ಲೇ ನಿಂತಿತ್ತು.

ಪ್ರಾಣಿಗಳಲ್ಲಿ ಮಾತ್ರ ಪ್ರಶ್ನೆ ಕೇಳುವ ಕೆಲಸ ಬಹಳ ಹಿಂದೆಯೇ ಶುರುವಾಗಿತ್ತು. 1901ರಲ್ಲಿ ಜರ್ಮನಿಯ ಹಾನ್ಸ್ ಸ್ಪೆಮನ್ ಕಪ್ಪೆಯ ಭ್ರೂಣದಲ್ಲಿ ಕಣ್ಣಿನ ಮೊಳಕೆಯನ್ನು ಕಾದ ಸೂಜಿಯಿಂದ ಸುಟ್ಟುಹಾಕಿದರು. ಆ ಬದಿಯಲ್ಲಿ ಮಸೂರ ಹುಟ್ಟಲೇ ಇಲ್ಲ. ಮಿದುಳಿನಿಂದ ಚಾಚಿಬರುವ ಅಕ್ಷಿಬಟ್ಟಲು ಮೇಲಿನ ಚರ್ಮಕ್ಕೆ ಮಸೂರವಾಗು ಎಂದು ಆಜ್ಞೆ ಕೊಡುತ್ತದೆ ಎಂಬ ತೀರ್ಮಾನಕ್ಕೆ ಅವರು ಬಂದರು. ಒಂದು ಅಂಗಾಂಶ ಇನ್ನೊಂದಕ್ಕೆ ದಾರಿ ತೋರುತ್ತದೆ ಎಂಬ ಈ ವಿಚಾರ ಭ್ರೂಣಶಾಸ್ತ್ರದ ಬೆನ್ನೆಲುಬಾಯಿತು; 1935ರಲ್ಲಿ ಸ್ಪೆಮನ್ ನೊಬೆಲ್ ಪಡೆದರು. ಇದರ ಪಕ್ಕದಲ್ಲೇ ಇನ್ನೊಂದು ವಿಚಾರವೂ ಬೆಳೆಯುತ್ತಿತ್ತು. 1907ರಲ್ಲಿ ಅಮೆರಿಕದ ಎಚ್. ವಿ. ವಿಲ್ಸನ್ ಸಮುದ್ರದ ಸ್ಪಂಜು ಜೀವಿಯನ್ನು ಸಣ್ಣ ಕಣ್ಣಿನ ಬಟ್ಟೆಯಲ್ಲಿ ಹಿಂಡಿ ಬಿಡಿಬಿಡಿ ಕೋಶಗಳಾಗಿ ಮಾಡಿದಾಗ, ಅವು ಮತ್ತೆ ಒಂದಾಗಿ ಸೇರಿ ಸ್ಪಂಜೇ ಆದವು. 1950ರ ದಶಕದಲ್ಲಿ ಏರನ್ ಮಸ್ಕೋನ ಕೋಳಿಭ್ರೂಣದ ಕೋಶಗಳನ್ನು ಬಿಡಿಸಿ ಮತ್ತೆ ಕೂಡಿಸಿದಾಗಲೂ ಅಂಥದೇ ಒಗ್ಗೂಡುವಿಕೆ ಕಂಡಿತು. ಹೊರಗಿನ ಆಜ್ಞೆ ಎಷ್ಟು, ಕೋಶಗಳ ಒಳಗೇ ಅಡಗಿರುವ ವ್ಯವಸ್ಥೆ ಎಷ್ಟು ಎಂಬ ಪ್ರಶ್ನೆ ಹೀಗೆ ಎರಡು ಕಡೆಯಿಂದಲೂ ಬಲಗೊಂಡಿತು. ಅಕ್ಷಿಬಟ್ಟಲಿನ ವಿಷಯದಲ್ಲಂತೂ ಅದು ಬಗೆಹರಿಯದೇ ಉಳಿದಿತ್ತು. ಬಟ್ಟಲು ಒಳಕ್ಕೆ ಮಡಿಚಿಕೊಳ್ಳುವುದು ಎದುರಿನ ಮಸೂರದ ಮೊಳಕೆ ಒತ್ತುವುದರಿಂದಲೋ, ಅದರ ಸಂಕೇತದಿಂದಲೋ, ಅಥವಾ ತನ್ನಷ್ಟಕ್ಕೆ ತಾನೇಯೋ?

ಮನುಷ್ಯನ ವಿಷಯದಲ್ಲಿ ಇಂಥ ಪ್ರಶ್ನೆ ಕೇಳಬೇಕಾದರೆ ಮೊದಲು ಕಚ್ಚಾ ಸಾಮಗ್ರಿ ಬೇಕಿತ್ತು. ದೇಹದ ಯಾವ ಕೋಶವಾಗಿಯಾದರೂ ಬದಲಾಗಬಲ್ಲ ಆಕರಕೋಶಗಳನ್ನು ಇಲಿಯ ಭ್ರೂಣದಿಂದ 1981ರಲ್ಲಿ ಮಾರ್ಟಿನ್ ಇವಾನ್ಸ್ ಮತ್ತು ಮ್ಯಾಥ್ಯೂ ಕಾಫ್‌ಮನ್, ಅವರಿಂದ ಪ್ರತ್ಯೇಕವಾಗಿ ಗೇಲ್ ಮಾರ್ಟಿನ್ ಬೇರ್ಪಡಿಸಿ ಬೆಳೆಸಿದರು. ಮಾನವ ಭ್ರೂಣದಿಂದ ಅವನ್ನು ಪಡೆದದ್ದು 1998ರಲ್ಲಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಥಾಮ್ಸನ್. ಕೆಲವೇ ದಿನಗಳ ಭ್ರೂಣವನ್ನು ಬಳಸಿ ಅದನ್ನು ಕೊನೆಗಾಣಿಸಬೇಕಾದ್ದರಿಂದ ನೈತಿಕ ಜಗಳ ತೀವ್ರವಾಯಿತು. 2001ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್, ಅಷ್ಟರೊಳಗೆ ಸ್ಥಾಪಿತವಾಗಿದ್ದ ಕೋಶಸಂತತಿಗಳಿಗೆ ಮಾತ್ರ ಕೇಂದ್ರ ಸರ್ಕಾರದ ಹಣ ಎಂದು ಮಿತಿ ಹಾಕಿದರು. ಈ ಬಿಕ್ಕಟ್ಟಿಗೆ ಅನಿರೀಕ್ಷಿತ ದಾರಿ ತೆರೆದದ್ದು ಜಪಾನಿನ ಕ್ಯೋಟೊದಲ್ಲಿ. 2006ರಲ್ಲಿ ಶಿನ್ಯಾ ಯಮನಾಕಾ ನಾಲ್ಕು ಜೀನ್‌ಗಳನ್ನು ಸೇರಿಸಿ ಇಲಿಯ ಸಾಮಾನ್ಯ ಕೋಶಗಳನ್ನು ಹಿಂದಕ್ಕೆ ತಿರುಗಿಸಿ ಆಕರಕೋಶಗಳ ಸ್ಥಿತಿಗೆ ತಂದರು; 2007ರಲ್ಲಿ ಮನುಷ್ಯನ ಚರ್ಮದ ಕೋಶಗಳಲ್ಲೂ ಅದು ಸಾಧ್ಯವಾಯಿತು. ಐಪಿಎಸ್ ಕೋಶ ಎಂದು ಹೆಸರಾದ ಇವುಗಳಿಗೆ ಭ್ರೂಣ ಬೇಕಿಲ್ಲ. ಜೊತೆಗೆ ಇನ್ನೊಂದು ಲಾಭ: ಆನುವಂಶಿಕ ಕಾಯಿಲೆ ಇರುವ ವ್ಯಕ್ತಿಯ ಚರ್ಮ ಅಥವಾ ರಕ್ತದಿಂದಲೇ ಅವರ ಜೀನ್‌ಗಳನ್ನು ಹೊತ್ತ ಆಕರಕೋಶಗಳನ್ನು ಪಡೆಯಬಹುದು. ಯಮನಾಕಾ 2012ರಲ್ಲಿ ಜಾನ್ ಗರ್ಡನ್ ಜೊತೆ ನೊಬೆಲ್ ಹಂಚಿಕೊಂಡರು.

ಸಾಮಗ್ರಿ ಸಿಕ್ಕಿತು, ಆದರೆ ಅದನ್ನು ಅಕ್ಷಿಪಟವಾಗಿಸುವುದು ಹೇಗೆ? ಉತ್ತರದ ಎಳೆ ಹಿಡಿದವರು ಯೋಶಿಕಿ ಸಸಾಯ್. ಕ್ಯೋಟೊದಲ್ಲಿ ವೈದ್ಯಕೀಯ ಓದಿದ ಅವರು ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಎಡ್ವರ್ಡ್ ಡಿ ರಾಬರ್ಟಿಸ್ ಅವರ ಪ್ರಯೋಗಶಾಲೆ ಸೇರಿ, 1994ರಲ್ಲಿ ಕಪ್ಪೆಯ ಭ್ರೂಣದಲ್ಲಿ ಕಾರ್ಡಿನ್ ಎಂಬ ಜೀನ್ ಗುರುತಿಸುವ ಕೆಲಸದಲ್ಲಿ ಪಾಲ್ಗೊಂಡರು. ಆ ವರ್ಷಗಳಲ್ಲಿ ಹಲವು ಪ್ರಯೋಗಶಾಲೆಗಳ ಫಲಿತಾಂಶ ಒಂದೇ ದಿಕ್ಕಿಗೆ ಬೆರಳು ಮಾಡಿತು. ಭ್ರೂಣದ ಹೊರಪದರದ ಕೋಶವನ್ನು ಬಿಎಂಪಿ ಎಂಬ ಪ್ರೋಟೀನ್ ಚರ್ಮವಾಗಲು ಒತ್ತಾಯಿಸುತ್ತದೆ. ಕಾರ್ಡಿನ್‌ನಂಥವು ಆ ಒತ್ತಾಯವನ್ನು ತಡೆದರೆ ಕೋಶ ತಾನಾಗಿ ನರಕೋಶದ ದಾರಿ ಹಿಡಿಯುತ್ತದೆ. ಕೋಬೆಯ ರಿಕೆನ್ ಸಂಸ್ಥೆಯಲ್ಲಿ ಪ್ರಯೋಗಶಾಲೆ ಕಟ್ಟಿದ ಮೇಲೆ ಸಸಾಯ್ ಈ ತರ್ಕವನ್ನು ಆಕರಕೋಶಗಳಿಗೆ ಅನ್ವಯಿಸಿದರು. ಕೋಶ ಬೆಳೆಸುವ ದ್ರವಕ್ಕೆ ಸಾಮಾನ್ಯವಾಗಿ ಸೇರಿಸುತ್ತಿದ್ದ ಸೀರಮ್ಮಿನಲ್ಲಿ ಬಗೆಬಗೆಯ ಸಂಕೇತಗಳು ಬೆರೆತಿರುತ್ತವೆ. ಅದನ್ನು ತೆಗೆದುಹಾಕಿ, ಕೋಶಗಳನ್ನು ತಟ್ಟೆಯ ತಳಕ್ಕೆ ಅಂಟಿಕೊಳ್ಳಲು ಬಿಡದೆ, ದ್ರವದಲ್ಲಿ ತೇಲುವ ಪುಟ್ಟ ಉಂಡೆಗಳಾಗಿ ಬೆಳೆಸಿದರು. 2005ರ ಹೊತ್ತಿಗೆ ಮಿದುಳಿನ ಮುಂಭಾಗದ ಕೋಶಗಳು, 2008ರಲ್ಲಿ ಮಿದುಳ ತೊಗಟೆಯ ಪದರಗಳಂಥ ರಚನೆ ಅವರ ತಂಡಕ್ಕೆ ಸಿಕ್ಕಿತು. ಅಕ್ಷಿಪಟವೂ ಮಿದುಳಿನಿಂದಲೇ ಚಾಚಿಬರುವ ಭಾಗವಾದ್ದರಿಂದ ಮುಂದಿನ ಹೆಜ್ಜೆ ಅದೇ ದಾರಿಯಲ್ಲಿತ್ತು.

2011ರ ಏಪ್ರಿಲ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಸಸಾಯ್ ಮತ್ತು ಮೊತೊತ್ಸುಗು ಎಯ್ರಾಕು ಅವರ ಪ್ರಬಂಧವನ್ನು ಈ ಚರಿತ್ರೆಯ ತಿರುವು ಎನ್ನಬೇಕು. 96 ಗುಳಿಗಳ ತಟ್ಟೆಯ ಒಂದೊಂದು ಗುಳಿಯಲ್ಲೂ ಇಲಿಯ ಸುಮಾರು 3000 ಆಕರಕೋಶಗಳನ್ನು ಬಿಟ್ಟು, ಕೋಶಗಳಿಗೆ ಆಸರೆಯಾಗುವ ಪ್ರೋಟೀನ್ ಲೋಳೆಯನ್ನು ದ್ರವಕ್ಕೆ ಬೆರೆಸಿದ್ದರು. ಅಕ್ಷಿಪಟದ ದಾರಿ ಹಿಡಿದ ಕೋಶಗಳು ಹಸಿರಾಗಿ ಹೊಳೆಯುವಂತೆ ಜೀನ್‌ನಲ್ಲಿ ಗುರುತು ಇಟ್ಟಿದ್ದರು. ಒಂದು ವಾರದ ಹೊತ್ತಿಗೆ ಉಂಡೆಯ ಮೈಯಿಂದ ಹಸಿರು ಗುಳ್ಳೆಗಳು ಉಬ್ಬಿ ಹೊರಬಂದವು. ಆಮೇಲೆ ಗುಳ್ಳೆಯ ತುದಿ ಚಪ್ಪಟೆಯಾಯಿತು, ಅಂಚಿನ ಕೋಶಗಳು ಬೆಣೆಯ ಆಕಾರ ಪಡೆದವು, ಗಾಳಿ ಇಳಿದ ಚೆಂಡನ್ನು ಹೆಬ್ಬೆರಳಿನಿಂದ ಒತ್ತಿದಂತೆ ಮುಂಭಾಗ ಒಳಕ್ಕೆ ಮಡಿಚಿಕೊಂಡು ಎರಡು ಗೋಡೆಯ ಬಟ್ಟಲಾಯಿತು. ಒಳಗೋಡೆ ಅಕ್ಷಿಪಟ, ಹೊರಗೋಡೆ ಅದಕ್ಕೆ ಪೋಷಣೆ ಕೊಡುವ ಕಪ್ಪುವರ್ಣದ ಪದರ. ಭ್ರೂಣದಲ್ಲಿ ಇರುವ ಕ್ರಮವೇ ಇದು. ಅಲ್ಲಿ ಮಸೂರ ಇರಲಿಲ್ಲ, ಮಸೂರವಾಗಬೇಕಾದ ಚರ್ಮವೂ ಇರಲಿಲ್ಲ, ಒತ್ತಲು ಯಾರ ಕೈಯೂ ಇರಲಿಲ್ಲ. ಸ್ಪೆಮನ್ ಕಾಲದಿಂದ ಉಳಿದುಬಂದ ಪ್ರಶ್ನೆಗೆ ಒಂದು ನಿಚ್ಚಳ ಉತ್ತರ ಸಿಕ್ಕಿತು: ಬಟ್ಟಲಿನ ಆಕಾರ ಪಡೆಯುವ ಸಾಮರ್ಥ್ಯ ಆ ಕೋಶಗಳ ಒಳಗೇ ಇದೆ. ಭ್ರೂಣದಲ್ಲಿ ಸುತ್ತಲಿನ ಅಂಗಾಂಶ ನೆರವಾಗುವುದಿಲ್ಲ ಎಂದು ಇದರ ಅರ್ಥವಲ್ಲ. ನೆರವಿಲ್ಲದೆಯೂ ಆಗಬಲ್ಲದು ಎಂಬುದು ಇಲ್ಲಿ ಸಾಬೀತಾದ ಸಂಗತಿ. ಇಂಥ ಸ್ಪಷ್ಟ ವಿಂಗಡಣೆ ಇಡೀ ಭ್ರೂಣವನ್ನು ನೋಡುತ್ತ ಕುಳಿತವರಿಗೆ ದಕ್ಕುವಂಥದ್ದಲ್ಲ.

ಮರುವರ್ಷ, 2012ರಲ್ಲಿ, ಅದೇ ಪ್ರಯೋಗಶಾಲೆಯ ತೊಕುಶಿಗೆ ನಕಾನೊ ಮತ್ತು ಸಂಗಡಿಗರು ಮಾನವ ಆಕರಕೋಶಗಳಿಂದ ಅಕ್ಷಿಬಟ್ಟಲು ಬೆಳೆಸಿದರು. ಇಲ್ಲಿ ಕಂಡ ವ್ಯತ್ಯಾಸ ಗಮನಿಸಬೇಕಾದದ್ದು. ಮಾನವ ಕೋಶಗಳ ಬಟ್ಟಲು ಇಲಿಯದಕ್ಕಿಂತ ದೊಡ್ಡದು, ಅದರ ಅಕ್ಷಿಪಟ ಹೆಚ್ಚು ದಪ್ಪ. ಇಲಿಯ ಕೋಶಗಳು ಮೂರೂವರೆ ವಾರದಲ್ಲಿ ಮುಗಿಸಿದ ಪದರಗಳ ಜೋಡಣೆಗೆ ಮನುಷ್ಯನ ಕೋಶಗಳು ನಾಲ್ಕು ತಿಂಗಳು ತೆಗೆದುಕೊಂಡವು. ತಟ್ಟೆಯಲ್ಲಿ ತಾಯಿಯ ಗರ್ಭ ಇರಲಿಲ್ಲ, ಆದರೂ ಪ್ರತಿ ಪ್ರಾಣಿಯ ಕೋಶ ತನ್ನ ಜಾತಿಯ ಅಳತೆಯನ್ನೂ ಗಡಿಯಾರವನ್ನೂ ಜೊತೆಗೇ ತಂದಿತ್ತು. ಇದೇ ಅವಧಿಯಲ್ಲಿ ಅಮೆರಿಕದಲ್ಲೂ ಕೆಲಸ ಸಾಗಿತ್ತು. ಸಿಯಾಟಲ್‌ನಲ್ಲಿ ದೀಪಕ್ ಲಾಂಬಾ ಮತ್ತು ಥಾಮಸ್ ರೇ 2006ರಲ್ಲೇ ಮಾನವ ಆಕರಕೋಶಗಳನ್ನು ಅಕ್ಷಿಪಟದ ದಾರಿಗೆ ತಿರುಗಿಸಿದ್ದರು. ವಿಸ್ಕಾನ್ಸಿನ್‌ನ ಡೇವಿಡ್ ಗ್ಯಾಮ್ ಅವರ ತಂಡ 2009ರಿಂದ ಮುಂದಕ್ಕೆ ಹಂತಹಂತವಾಗಿ ಭ್ರೂಣದ ಕ್ರಮವನ್ನು ಅನುಸರಿಸಿ, 2012ರಲ್ಲಿ ರಕ್ತದಿಂದ ಪಡೆದ ಐಪಿಎಸ್ ಕೋಶಗಳಿಂದಲೂ ಪದರಗಳಿರುವ ರಚನೆ ಪಡೆಯಿತು. 2014ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ವಲೇರಿಯಾ ಕಾಂಟೊ-ಸೋಲರ್ ಅವರ ತಂಡ ಇನ್ನೂ ಮುಂದಕ್ಕೆ ಹೋಯಿತು. ಅವರು ಬೆಳೆಸಿದ ಬೆಳಕುಗ್ರಾಹಿ ಕೋಶಗಳಲ್ಲಿ ಬೆಳಕು ಹಿಡಿಯುವ ಬಿಲ್ಲೆಗಳು ಮೂಡತೊಡಗಿದ್ದವು. ಕೆಲವು ಕೋಶಗಳು ಬೆಳಕು ಬಿದ್ದಾಗ ವಿದ್ಯುತ್ ಸ್ಪಂದನ ತೋರಿದವು. ಆರ್ಗನಾಯ್ಡ್ ಎಂಬ ಹೆಸರು ಪಡೆದ ಈ ಪುಟ್ಟ ಅಂಗಾಂಶಗಳು ಅಕ್ಷಿಪಟದ ಆಕಾರದ ಜೊತೆಗೆ ಅದರ ಕೆಲಸವನ್ನೂ ಕಲಿಯತೊಡಗಿದ್ದವು.

ಅದೇ 2014 ಕೋಬೆಗೆ ದುಃಖದ ವರ್ಷವಾಯಿತು. ಸಾಮಾನ್ಯ ಕೋಶವನ್ನು ಆಮ್ಲದಂಥ ಒತ್ತಡದಿಂದಲೇ ಆಕರಕೋಶ ಮಾಡಬಹುದು ಎಂದು ಜನವರಿಯಲ್ಲಿ ಪ್ರಕಟವಾದ ಎರಡು ಪ್ರಬಂಧಗಳಿಗೆ ಸಸಾಯ್ ಸಹಲೇಖಕರಾಗಿದ್ದರು. ಬೇರೆ ಪ್ರಯೋಗಶಾಲೆಗಳಲ್ಲಿ ಆ ಫಲಿತಾಂಶ ಬರಲಿಲ್ಲ, ಚಿತ್ರಗಳಲ್ಲಿ ಅಕ್ರಮ ಕಂಡಿತು, ಜುಲೈಯಲ್ಲಿ ಎರಡೂ ಪ್ರಬಂಧಗಳನ್ನು ಹಿಂಪಡೆಯಲಾಯಿತು. ಸಸಾಯ್ ಅವರು ಅಕ್ರಮ ಎಸಗಿದ್ದಾರೆಂದು ರಿಕೆನ್ ತನಿಖೆ ಹೇಳಲಿಲ್ಲ. ದತ್ತಾಂಶವನ್ನು ಸರಿಯಾಗಿ ಪರಿಶೀಲಿಸದ ಹೊಣೆ ಗಂಭೀರ ಎಂದಿತು. ಆಗಸ್ಟ್ 5ರಂದು, 52ನೇ ವಯಸ್ಸಿನಲ್ಲಿ, ಅವರು ಆತ್ಮಹತ್ಯೆ ಮಾಡಿಕೊಂಡರು. ಇಂಥ ಕೊನೆಯನ್ನು ಕಂಡವರು ಅಕ್ಷಿಬಟ್ಟಲಿನ ಶೋಧವನ್ನೂ ಅನುಮಾನಿಸಬಹುದಲ್ಲವೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಕೊಡುವುದು ಯಾರ ಹೆಸರೂ ಅಲ್ಲ, ಮರುಪ್ರಯೋಗ. ಹಿಂಪಡೆದ ಪ್ರಬಂಧಗಳ ಫಲಿತಾಂಶ ಯಾರ ಕೈಗೂ ಸಿಗಲಿಲ್ಲ. ಆಕರಕೋಶಗಳು ತಾವೇ ಅಕ್ಷಿಪಟ ಕಟ್ಟಿಕೊಳ್ಳುವುದನ್ನು ಮಾತ್ರ ಅಮೆರಿಕ, ಬ್ರಿಟನ್, ಸ್ವಿಟ್ಜರ್ಲೆಂಡ್, ಭಾರತದ ಪ್ರಯೋಗಶಾಲೆಗಳು ಬೇರೆಬೇರೆ ಕೋಶಸಂತತಿಗಳಲ್ಲಿ, ಬೇರೆಬೇರೆ ವಿಧಾನಗಳಲ್ಲಿ ಕಂಡಿವೆ. ವಿಜ್ಞಾನದಲ್ಲಿ ಒಂದು ಮಾತು ನಿಲ್ಲುವುದು ಹೀಗೆಯೇ. ಆ ಅರ್ಥದಲ್ಲಿ 2011ರ ಪ್ರಬಂಧ ಸಸಾಯ್ ಅವರ ಅತಿ ದೊಡ್ಡ ಕೊಡುಗೆಯಾಗಿ ಉಳಿದಿದೆ, ಉಳಿಯುತ್ತದೆ.

ಇನ್ನು ನನ್ನ ವಾದದ ನಡುಗಂಬಕ್ಕೆ ಬರುತ್ತೇನೆ. ಹೆಂಡ್ರಿಕ್ಸನ್ ಕಂಡಿದ್ದ ಕ್ರಮ ನೆನಪಿರಲಿ: ನೀಲಿಯ ಶಂಕು ಮೊದಲು, ಕೆಂಪು-ಹಸಿರು ಆಮೇಲೆ. ಏಕೆ ಹೀಗೆ? ಇಲಿಗಳಲ್ಲಿ 2001ರಲ್ಲಿ ಡಗ್ಲಸ್ ಫಾರೆಸ್ಟ್ ಮತ್ತು ಸಂಗಡಿಗರು ಥೈರಾಯ್ಡ್ ಹಾರ್ಮೋನ್‌ನ ಗ್ರಾಹಕವೊಂದನ್ನು ತೆಗೆದಾಗ ಹಸಿರಿನ ಶಂಕುಗಳು ಕಾಣೆಯಾಗಿದ್ದವು. ಅದು ಸುಳಿವು, ಮನುಷ್ಯನಲ್ಲೂ ಹಾಗೇ ಎನ್ನಲು ಆಧಾರ ಸಾಲದು. ಹಣ್ಣುನೊಣದ ಕಣ್ಣಿನ ಅಧ್ಯಯನದಿಂದ ಬಂದ ಜಾನ್ಸ್ ಹಾಪ್‌ಕಿನ್ಸ್‌ನ ರಾಬರ್ಟ್ ಜಾನ್‌ಸ್ಟನ್ ಮತ್ತು ಆಗ ಅವರ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ಕಿಯಾರಾ ಎಲ್ಡ್ರೆಡ್ ಈ ಪ್ರಶ್ನೆಯನ್ನು ಮಾನವ ಆರ್ಗನಾಯ್ಡ್‌ಗಳ ಮುಂದಿಟ್ಟರು. ತಿಂಗಳುಗಟ್ಟಲೆ ಬೆಳೆಸಿದ ಆ ಅಂಗಾಂಶಗಳಲ್ಲಿ ಮೊದಲು ನೀಲಿ, ಆಮೇಲೆ ಕೆಂಪು-ಹಸಿರು ಎಂಬ ಕ್ರಮ ಹಾಗೆಯೇ ಕಂಡಿತು. ಆಮೇಲೆ ಅವರು ಕ್ರಿಸ್ಪರ್ ಎಂಬ ಜೀನ್-ಕತ್ತರಿಯಿಂದ ಥೈರಾಯ್ಡ್ ಗ್ರಾಹಕದ ಜೀನ್ ಕೆಡಿಸಿದ ಆಕರಕೋಶಗಳಿಂದ ಆರ್ಗನಾಯ್ಡ್ ಬೆಳೆಸಿದರು: ಶಂಕುಗಳೆಲ್ಲ ನೀಲಿಯವೇ ಆದವು. ಇನ್ನೊಂದು ಗುಂಪಿಗೆ ಆರಂಭದಿಂದಲೇ ಸಕ್ರಿಯ ಥೈರಾಯ್ಡ್ ಹಾರ್ಮೋನ್ ಕೊಟ್ಟರು: ಬಹುಪಾಲು ಶಂಕುಗಳು ಕೆಂಪು-ಹಸಿರಿನವಾದವು. ಕಾಲದ ಲೆಕ್ಕ ಇಡುತ್ತಿದ್ದದ್ದು ಅಕ್ಷಿಪಟವೇ. ಎಳೆಯ ಹಂತದಲ್ಲಿ ಅದು ಹಾರ್ಮೋನನ್ನು ಒಡೆಯುವ ಕಿಣ್ವ ತಯಾರಿಸಿ ಪ್ರಮಾಣವನ್ನು ತಗ್ಗಿಸಿಟ್ಟುಕೊಳ್ಳುತ್ತದೆ. ಬಲಿತ ಹಂತದಲ್ಲಿ ಹಾರ್ಮೋನನ್ನು ಸಕ್ರಿಯಗೊಳಿಸುವ ಕಿಣ್ವ ತಯಾರಿಸುತ್ತದೆ. 2018ರ ಅಕ್ಟೋಬರ್‌ನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಈ ಕೆಲಸ ತೆಗೆದು ನೋಡುವುದು, ಹೆಚ್ಚಿಸಿ ನೋಡುವುದು ಎಂಬ ಎರಡೂ ಪರೀಕ್ಷೆಗಳನ್ನು ಮಾನವ ಅಂಗಾಂಶದಲ್ಲಿ ಪೂರ್ಣಗೊಳಿಸಿತು. ಅವಧಿಗೆ ಮೊದಲೇ ಹುಟ್ಟಿ, ಥೈರಾಯ್ಡ್ ಹಾರ್ಮೋನ್ ಕಡಿಮೆ ಇರುವ ಶಿಶುಗಳಲ್ಲಿ ಬಣ್ಣದ ದೃಷ್ಟಿಯ ತೊಂದರೆ ಹೆಚ್ಚು ಎಂದು ವೈದ್ಯರು ಮೊದಲೇ ಗಮನಿಸಿದ್ದರು; ಆ ಗಮನಿಕೆಗೆ ಈಗ ಅರ್ಥವಾಗುವಂಥ ಕಾರಣವೊಂದು ಸಿಕ್ಕಿತು.

ಇಲಿಯೇ ಸಾಕಿತ್ತಲ್ಲ, ಸುಳಿವು ಕೊಟ್ಟದ್ದೂ ಇಲಿಯೇ ತಾನೆ ಎಂಬುದು ಮೊದಲ ಆಕ್ಷೇಪ. ಸುಳಿವಿನ ಮಟ್ಟಿಗೆ ಮಾತು ನಿಜ. ಆದರೆ ಇಲಿಯ ಶಂಕುಗಳಲ್ಲಿ ಬಹಳಷ್ಟು ಎರಡು ವರ್ಣಗ್ರಾಹಿ ಪ್ರೋಟೀನ್‌ಗಳನ್ನು ಒಟ್ಟಿಗೇ ತಯಾರಿಸುತ್ತವೆ. ಅದರ ಅಕ್ಷಿಪಟದಲ್ಲಿ ನಮ್ಮ ತೀಕ್ಷ್ಣನೋಟದ ಕೇಂದ್ರವಾದ ಫೋವಿಯಾ ಇಲ್ಲ. ಕೆಂಪು ಮತ್ತು ಹಸಿರಿಗೆ ಬೇರೆಬೇರೆ ಶಂಕುಗಳೂ ಇಲ್ಲ. ಆ ಬೇರ್ಪಡಿಕೆ ನಮ್ಮ ವಾನರ ಪೂರ್ವಜರಲ್ಲಿ ಒಂದು ಜೀನ್ ಇಮ್ಮಡಿಯಾಗಿ ಬಂದದ್ದು. ಎಕ್ಸ್ ಕ್ರೋಮೊಸೋಮಿನ ಮೇಲೆ ಅಕ್ಕಪಕ್ಕ ಕುಳಿತಿರುವ ಆ ಎರಡು ಜೀನ್‌ಗಳನ್ನು 1986ರಲ್ಲಿ ಜೆರೆಮಿ ನೇಥನ್ಸ್ ಗುರುತಿಸಿದರು. ಒಂದು ಶಂಕು ಕೆಂಪಾಗುವುದೋ ಹಸಿರಾಗುವುದೋ ಎಂಬುದು ಆಕಸ್ಮಿಕ ಆಯ್ಕೆ ಎಂದು ಬಹುಕಾಲ ನಂಬಲಾಗಿತ್ತು. 2024ರಲ್ಲಿ ಜಾನ್‌ಸ್ಟನ್ ಪ್ರಯೋಗಶಾಲೆಯ ಸಾರಾ ಹ್ಯಾಡಿನಿಯಾಕ್ ಮತ್ತು ಸಂಗಡಿಗರು ಪ್ರಕಟಿಸಿದ ಆರ್ಗನಾಯ್ಡ್ ಅಧ್ಯಯನ ವಿಟಮಿನ್ ಎ ಯಿಂದ ಬರುವ ರೆಟಿನೋಯಿಕ್ ಆಮ್ಲಕ್ಕೆ ಇದರಲ್ಲಿ ಪಾತ್ರವಿದೆ ಎಂದು ತೋರಿಸಿತು: ಬೆಳವಣಿಗೆಯ ಆರಂಭದಲ್ಲಿ ಅದು ಹೆಚ್ಚಿದ್ದರೆ ಹಸಿರಿನ ಶಂಕುಗಳು ಹೆಚ್ಚುತ್ತವೆ. ಕೆಂಪು-ಹಸಿರಿನ ಭೇದವೇ ಇಲ್ಲದ ಪ್ರಾಣಿಯಲ್ಲಿ ಈ ಪ್ರಶ್ನೆಯನ್ನು ಹೀಗೆ ಕೇಳಲು ಬರುವುದಿಲ್ಲ. ಕಾಯಿಲೆಯ ಕಡೆಯಿಂದಲೂ ಒಂದು ಉದಾಹರಣೆ ಇದೆ. ಹುಟ್ಟುಕುರುಡಿಗೆ ಕಾರಣವಾಗುವ ಸಿಇಪಿ290 ಎಂಬ ಜೀನ್‌ನ ಒಂದು ಸಾಮಾನ್ಯ ದೋಷವನ್ನು ಇಲಿಯೊಳಗೆ ಸೇರಿಸಿ ನೋಡಿದಾಗ, ಮನುಷ್ಯನಲ್ಲಿ ಆಗುವ ಜೀನ್ ಸಂದೇಶದ ತಪ್ಪು ಜೋಡಣೆ ಇಲಿಯಲ್ಲಿ ಅದೇ ರೀತಿ ಆಗಲಿಲ್ಲ. ರೋಗಿಯ ಕೋಶಗಳಿಂದ ಬೆಳೆಸಿದ ಆರ್ಗನಾಯ್ಡ್‌ನಲ್ಲಿ, 2016ರಲ್ಲಿ ಲಂಡನ್ನಿನ ಮೈಕ್ ಚೀತಮ್ ಅವರ ತಂಡ, ಆ ತಪ್ಪು ಬೆಳಕುಗ್ರಾಹಿ ಕೋಶಗಳಲ್ಲಿ ತೀವ್ರವಾಗಿ ಆಗುವುದನ್ನೂ ಸಣ್ಣ ಆರ್‌ಎನ್‌ಎ ಮಾದರಿಯ ಔಷಧದಿಂದ ಅದು ಸರಿಹೋಗುವುದನ್ನೂ ಕಂಡಿತು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ತಟ್ಟೆಯಲ್ಲಿರುವುದು ಅಕ್ಷಿಪಟವೇ ಅಲ್ಲ, ಅದರ ಅರೆಬರೆ ಅನುಕರಣೆ. ಅದರಲ್ಲಿ ರಕ್ತನಾಳಗಳಿಲ್ಲ. ಮಿದುಳಿಗೆ ತಂತು ಚಾಚಬೇಕಾದ ಕೋಶಗಳು ಚಾಚಲು ಎಡೆ ಸಿಗದೆ ಕಾಲಕ್ರಮದಲ್ಲಿ ಸಾಯುತ್ತವೆ. ಕಪ್ಪುವರ್ಣದ ಪದರ ಬೆಳಕುಗ್ರಾಹಿ ಕೋಶಗಳ ತುದಿಗೆ ತಾಗಿ ಹರಡಿಕೊಳ್ಳದೆ ಒಂದು ಕಡೆ ಗಡ್ಡೆಯಾಗಿ ನಿಲ್ಲುವುದರಿಂದ, ಬೆಳಕು ಹಿಡಿಯುವ ತುದಿಗಳು ಪೂರ್ಣ ಉದ್ದಕ್ಕೆ ಬೆಳೆಯುವುದಿಲ್ಲ. ಒಂದೇ ತಟ್ಟೆಯ ಎರಡು ಆರ್ಗನಾಯ್ಡ್‌ಗಳೂ ಒಂದರಂತೆ ಇನ್ನೊಂದು ಇರುವುದಿಲ್ಲ. ಈ ಕೊರತೆಗಳನ್ನು ಮುಚ್ಚಿಡುವುದು ತಪ್ಪಾಗುತ್ತದೆ. ಹೋಲಿಕೆ ಎಷ್ಟು ಎಂದು ಅಳೆಯುವುದೇ ಸರಿಯಾದ ಉತ್ತರ, ಮತ್ತು ಅಳೆದದ್ದಾಗಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಬೊಟೊಂಡ್ ರೊಸ್ಕಾ ಮತ್ತು ಸಂಗಡಿಗರು ಅಂಗದಾನಿಗಳಿಂದ ಪಡೆದ, ಇನ್ನೂ ಬೆಳಕಿಗೆ ಸ್ಪಂದಿಸುತ್ತಿದ್ದ ವಯಸ್ಕ ಅಕ್ಷಿಪಟಗಳ ಕೋಶಗಳನ್ನೂ ಆರ್ಗನಾಯ್ಡ್ ಕೋಶಗಳನ್ನೂ ಒಂದೊಂದಾಗಿ, ಅವುಗಳಲ್ಲಿ ಚುರುಕಾಗಿರುವ ಜೀನ್‌ಗಳ ಮೂಲಕ ಹೋಲಿಸಿ 2020ರಲ್ಲಿ ಪ್ರಕಟಿಸಿದರು. ಆರ್ಗನಾಯ್ಡ್‌ಗಳು ಗರ್ಭದ ಬೆಳವಣಿಗೆಗೆ ಸಮೀಪದ ವೇಗದಲ್ಲಿ ಬಲಿತು, ಅವುಗಳ ಕೋಶಗಳು ವಯಸ್ಕ ಅಕ್ಷಿಪಟದ ಹೊರವಲಯದ ಕೋಶಗಳನ್ನು ಹೋಲುವ ಸ್ಥಿತಿಗೆ ತಲುಪಿದ್ದವು. ಅಂದರೆ ಯಾವ ಪ್ರಶ್ನೆಗೆ ಈ ಮಾದರಿ ನಂಬಲರ್ಹ, ಯಾವುದಕ್ಕೆ ಅಲ್ಲ ಎಂದು ಈಗ ಹೇಳಬಹುದು. ಕೋಶಗಳ ಹುಟ್ಟು, ಪಂಗಡದ ಆಯ್ಕೆ, ಜೀನ್ ದೋಷದ ಪರಿಣಾಮ ಇವುಗಳಿಗೆ ಅದು ಒಳ್ಳೆಯ ಸಾಕ್ಷಿ. ಫೋವಿಯಾ ರೂಪುಗೊಳ್ಳುವುದು, ರಕ್ತನಾಳದ ಕಾಯಿಲೆಗಳು ಇವುಗಳಿಗೆ ಇನ್ನೂ ಅಲ್ಲ. ಮಿತಿ ಗೊತ್ತಿರುವ ಸಾಕ್ಷಿ ಮಿತಿ ಗೊತ್ತಿಲ್ಲದ ಊಹೆಗಿಂತ ಎಷ್ಟೋ ಮೇಲು.

ಮೂರನೆಯ ಆಕ್ಷೇಪ ರೋಗಿಗಳ ಕಡೆಯಿಂದ ಬರುತ್ತದೆ, ಅದನ್ನು ಗೌರವದಿಂದ ಕೇಳಬೇಕು: ಇಷ್ಟೆಲ್ಲ ಆಯಿತು, ಯಾರಿಗಾದರೂ ಕಣ್ಣು ಬಂತೇ? 2014ರ ಸೆಪ್ಟೆಂಬರ್‌ನಲ್ಲಿ ಕೋಬೆಯಲ್ಲಿ ಮಸಾಯೊ ತಕಹಾಶಿ ಅವರ ತಂಡ ಐಪಿಎಸ್ ಕೋಶಗಳಿಂದ ಬೆಳೆಸಿದ ಕಪ್ಪುವರ್ಣದ ಪದರವನ್ನು ವೃದ್ಧೆಯೊಬ್ಬರ ಕಣ್ಣಿಗೆ ಕಸಿ ಮಾಡಿತು. ಐಪಿಎಸ್ ಕೋಶಗಳ ಅಂಗಾಂಶ ಮನುಷ್ಯನ ದೇಹ ಸೇರಿದ್ದು ಅದೇ ಮೊದಲು. 2020ರ ಅಕ್ಟೋಬರ್‌ನಲ್ಲಿ ಅದೇ ನಗರದಲ್ಲಿ, ಇರುಳುಗುರುಡಿನಿಂದ ಶುರುವಾಗಿ ನೋಟವನ್ನೇ ಕಸಿಯುವ ರೆಟಿನೈಟಿಸ್ ಪಿಗ್ಮೆಂಟೋಸಾ ಇದ್ದವರಿಗೆ ಬೆಳಕುಗ್ರಾಹಿ ಕೋಶಗಳಾಗಲಿರುವ ಅಕ್ಷಿಪಟದ ಹಾಳೆಗಳನ್ನು ಕಸಿ ಮಾಡುವುದು ಆರಂಭವಾಯಿತು. ಕಸಿ ಎರಡು ವರ್ಷ ಸುರಕ್ಷಿತವಾಗಿ ಉಳಿಯಿತು. ಕಳೆದುಹೋದ ನೋಟ ಮರಳಿತು ಎನ್ನುವ ಹಂತ ಅದಲ್ಲ. ಸಿಇಪಿ290 ದೋಷಕ್ಕೆ ಆರ್‌ಎನ್‌ಎ ಮಾದರಿಯ ಔಷಧ ಆರಂಭದ ಕೆಲವು ರೋಗಿಗಳಲ್ಲಿ ಭರವಸೆ ಮೂಡಿಸಿತ್ತು. 2022ರಲ್ಲಿ ದೊಡ್ಡ ಪರೀಕ್ಷೆ ತನ್ನ ಮುಖ್ಯ ಗುರಿ ಮುಟ್ಟಲಿಲ್ಲ. ಹೀಗಿರುವಾಗ ಮದ್ದು ಸಿಕ್ಕಿತು ಎಂದು ಡಂಗುರ ಸಾರುವುದು ರೋಗಿಗಳಿಗೆ ಮಾಡುವ ಅನ್ಯಾಯ. ಆದರೆ ಆ ಕಾರಣಕ್ಕೆ ಈ ಕೆಲಸವನ್ನೇ ವ್ಯರ್ಥ ಎನ್ನುವುದೂ ಅಷ್ಟೇ ತಪ್ಪು. ಶಂಕುಕೋಶವೊಂದನ್ನು ಕಸಿ ಮಾಡಬೇಕಾದವರಿಗೆ ಅದನ್ನು ಶಂಕುವಾಗಿಸುವುದು ಯಾವುದು ಎಂಬುದು ಮೊದಲು ಗೊತ್ತಿರಬೇಕು. ಆ ಜ್ಞಾನ ಬರುತ್ತಿರುವುದು ಈ ನಿಧಾನದ ಪ್ರಯೋಗಗಳಿಂದಲೇ.

ಕನ್ನಡನಾಡಿಗೂ ಈ ವಿಷಯಕ್ಕೂ ಇರುವ ನಂಟು ದೂರದ್ದಲ್ಲ. ಅಕ್ಷಿಪಟದ ಆನುವಂಶಿಕ ಕಾಯಿಲೆಗಳಲ್ಲಿ ಅನೇಕವು ತಂದೆ-ತಾಯಿ ಇಬ್ಬರಿಂದಲೂ ದೋಷಯುಕ್ತ ಜೀನ್ ಬಂದಾಗ ಕಾಣಿಸಿಕೊಳ್ಳುವಂಥವು. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಳ್ಳುವ ರೂಢಿ ಇರುವ ದಕ್ಷಿಣ ಭಾರತದಲ್ಲಿ ಅಂಥ ಸಂಭವ ಹೆಚ್ಚು. ನಮ್ಮ ಕುಟುಂಬಗಳಲ್ಲಿರುವ ಜೀನ್ ದೋಷಗಳು ಯುರೋಪಿನ ಪಟ್ಟಿಯಲ್ಲಿರುವವೇ ಆಗಿರಬೇಕೆಂದಿಲ್ಲ. ಅವುಗಳ ಪರಿಣಾಮವನ್ನು ನಮ್ಮವರ ಕೋಶಗಳಿಂದ ಬೆಳೆಸಿದ ಅಕ್ಷಿಪಟದಲ್ಲೇ ನೋಡಬೇಕಾಗುತ್ತದೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲಿ ಆರ್ಗನಾಯ್ಡ್ ಕೆಲಸ ನಡೆದಿದೆ. ಬೆಂಗಳೂರಿನ ಐಸ್ಟೆಮ್ ಕಂಪನಿ ಕಪ್ಪುವರ್ಣದ ಪದರದ ಕೋಶಗಳನ್ನು ಚಿಕಿತ್ಸೆಗೆ ಸಿದ್ಧಪಡಿಸುತ್ತಿದೆ. ಒಂದು ಪ್ರಯೋಗ ಮುಗಿಯಲು ಗರ್ಭಾವಧಿಯಷ್ಟೇ ಕಾಲ ಹಿಡಿಯುವ ಇಂಥ ಕೆಲಸಕ್ಕೆ ವರ್ಷದೊಳಗೆ ಫಲ ಕೇಳದ ಅನುದಾನ ಬೇಕು. ಅದನ್ನು ಸರ್ಕಾರ ಒದಗಿಸಬೇಕು. ಓದುಗರು ಮಾಡಬಹುದಾದದ್ದೂ ಇದೆ. ಡಾ. ರಾಜ್‌ಕುಮಾರ್ ಮತ್ತು ಪುನೀತ್ ರಾಜ್‌ಕುಮಾರ್ ಅವರ ನೇತ್ರದಾನದಿಂದ ಪ್ರೇರಣೆ ಪಡೆದು ಸಾವಿರಾರು ಕನ್ನಡಿಗರು ಕಣ್ಣು ಕೊಡಲು ಹೆಸರು ಬರೆಸಿದ್ದಾರೆ. ದಾನದ ಕಣ್ಣಿನಲ್ಲಿ ನೋಟ ಮರಳಿಸಲು ಬಳಸುವುದು ಮುಂಭಾಗದ ಕಾರ್ನಿಯಾವನ್ನು. ಹಿಂಭಾಗದ ಅಕ್ಷಿಪಟ ಸಂಶೋಧನೆಗೆ ಒದಗಬಲ್ಲದು. ತಟ್ಟೆಯಲ್ಲಿ ಬೆಳೆದದ್ದು ನಿಜದ ಅಕ್ಷಿಪಟಕ್ಕೆ ಎಷ್ಟು ಹತ್ತಿರ ಎಂದು ಬಾಸೆಲ್‌ನಲ್ಲಿ ಅಳೆಯಲು ಆದದ್ದು ಅಂಥ ದಾನದಿಂದಲೇ. ನೇತ್ರದಾನಕ್ಕೆ ಹೆಸರು ಬರೆಸುವಾಗ ಉಳಿದ ಭಾಗವನ್ನು ಸಂಶೋಧನೆಗೆ ಬಳಸಲು ಒಪ್ಪಿಗೆ ಕೊಡಬಹುದೇ ಎಂದು ನೇತ್ರ ಬ್ಯಾಂಕಿನವರನ್ನು ಕೇಳಿ, ಅವಕಾಶವಿದ್ದರೆ ಒಪ್ಪಿಗೆ ಕೊಡಿ, ಮನೆಯವರಿಗೂ ಆ ಮಾತನ್ನು ತಿಳಿಸಿಡಿ.